ಯಗಟಿಯಮ್ಮ ಕೇಳಿದ ಹತ್ತು ದಿನ

ಆಕೆಯ ಎಡಗೈ ತೋರುಬೆರಳಿನ ಮೇಲೆ ಉಣ್ಣೆಯ ನೂಲು ಉಜ್ಜಿ ಉಜ್ಜಿ ಒಂದು ಗೀರು ಬಿದ್ದಿತ್ತು. ಅಂಗೈಯಂತೂ ಥೇಟ್ ಸ್ಯಾಂಡ್‌ಪೇಪರ್. ಯಗಟಿ ಎಂಬ ಊರಿನ ಕುರಿ ಸಾಕುವ ಮನೆಯ ಹೆಂಗಸು. ನಡೆಯುವಾಗಲೂ ಕದಿರು ತಿರುಗಿಸುತ್ತ ನೂಲು ತೆಗೆಯುವುದು ಚಿಕ್ಕಂದಿನ ಅಭ್ಯಾಸ. ತರೀಕೆರೆಯ ನಮ್ಮ ಮನೆಗೆ ಕೆಲಸಕ್ಕೆ ಬಂದಾಗ ಕೈಯಲ್ಲಿ ಒಂದು ಬಟ್ಟೆ ಗಂಟು, ಸೊಂಟದಲ್ಲಿ ಒಂದು ಕದಿರು, ಅಷ್ಟೇ ಲಗೇಜು. ಆಕೆಯನ್ನು ಹೆಸರು ಹಿಡಿದು ಯಾರೂ ಕರೆಯಲಿಲ್ಲ. ಮಕ್ಕಳಿಂದ ಹಿಡಿದು ನಮ್ಮವರವರೆಗೆ ಎಲ್ಲರಿಗೂ ಯಗಟಿಯಮ್ಮ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮತ್ತೆಗೆ ಎಡಭಾಗಕ್ಕೆ ಲಕ್ವ ಹೊಡೆದು ಮಾತು ತೊದಲಿಹೋಗಿತ್ತು. ನನಗೆ ಮೂವರು ಮಕ್ಕಳು, ನಮ್ಮವರಿಗೆ ಜವಳಿ ಅಂಗಡಿ. ಹಗಲು ರಾತ್ರಿ ಜೊತೆಗಿರಲು ಒಬ್ಬರು ಬೇಕಾಗಿತ್ತು. ಯಗಟಿಯಮ್ಮ ಅತ್ತೆಯ ಮಂಚದ ಕೆಳಗೇ ಚಾಪೆ ಹಾಸಿಕೊಂಡು ಐದು ವರ್ಷ ಮಲಗಿದಳು. ಅತ್ತೆಯ ತೊದಲು ಮಾತು ಮನೆಯಲ್ಲಿ ಪೂರ್ತಿ ಅರ್ಥವಾಗುತ್ತಿದ್ದದ್ದು ಅವಳೊಬ್ಬಳಿಗೇ. ಏನಂತೆ ಎಂದು ನಾನು ಕೇಳಿದರೆ, "ನಿಮ್ಮನ್ನ ಬೈತಾವ್ರೆ ಅಮ್ಮಾರೆ, ಪೂರಾ ಹೇಳಾಕಿಲ್ಲ ಬಿಡಿ," ಎಂದು ನಗುತ್ತಿದ್ದಳು. ನನ್ನ ಮದುವೆಯಾದ ದಿನದಿಂದ ಅತ್ತೆ ನನ್ನನ್ನು ಕರೆಯುತ್ತಿದ್ದದ್ದೇ "ಕಾನ್ವೆಂಟು" ಎಂದು. ನಾನೂ ಆ ಕೋಣೆಗೆ ಡಾಕ್ಟರು ಬಂದಾಗ ಹೋಗುವವಳು, ಬಾಗಿಲಲ್ಲೇ ನಿಂತು ಬರುವವಳು.

ಅತ್ತೆ ಲಿಂಗಪೂಜೆಯಾಗದೆ ತೊಟ್ಟು ನೀರನ್ನೂ ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಇಷ್ಟಲಿಂಗವನ್ನು ಇಟ್ಟುಕೊಳ್ಳುವುದು ಎಡ ಅಂಗೈಯ ಮೇಲೆ. ಸೋತದ್ದೂ ಅದೇ ಕೈ. ಯಗಟಿಯಮ್ಮ ತನ್ನ ಅಂಗೈಯನ್ನು ಅತ್ತೆಯ ಅಂಗೈ ಕೆಳಗೆ ಇಟ್ಟು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದಳು. ಬಲಗೈಯಿಂದ ಅತ್ತೆ ವಿಭೂತಿ ಹಚ್ಚಿ, ಹೂವಿಟ್ಟು, ಕಣ್ಣು ಮುಚ್ಚಿ ಕೂತರೆ ಅರ್ಧ ಗಂಟೆ. ಅಷ್ಟು ಹೊತ್ತೂ ಆ ಕೈ ಅಲುಗುತ್ತಿರಲಿಲ್ಲ. ಅವಳು ಲಿಂಗ ಕಟ್ಟುವ ಮನೆಯವಳಲ್ಲ. ಅಷ್ಟೊಂದು ಮಡಿಯ ಅತ್ತೆ ಅದನ್ನು ಹೇಗೆ ಒಪ್ಪಿದರೋ, ನಾನು ಕೇಳಲಿಲ್ಲ. ಆ ಹೊತ್ತಿನಲ್ಲಿ ನಾನು ಮಕ್ಕಳ ಟಿಫಿನ್ ಬಾಕ್ಸ್ ತುಂಬುತ್ತಿರುತ್ತಿದ್ದೆ.

ಯಗಟಿಯಮ್ಮನ ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಡೂರಿನಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಕ್ಯಾಂಪ್ ಆಗುತ್ತಿತ್ತು. ಶಾಲೆಯ ಕೋಣೆಗಳಲ್ಲಿ ಸಾಲಾಗಿ ಚಾಪೆ, ಆಪರೇಷನ್ ಆದವರು ಕಣ್ಣಿಗೆ ಬ್ಯಾಂಡೇಜ್ ಕಟ್ಟಿಸಿಕೊಂಡು ಒಂದು ವಾರ ತಲೆ ಅಲುಗಿಸದೆ ಮಲಗಬೇಕು, ಜೊತೆಗೊಬ್ಬರು ಇರಲೇಬೇಕು. ಹೋಗಲು ಹತ್ತು ದಿನ ರಜೆ ಕೇಳಿದಳು. ಬದಲಿಗೆ ಯಾರೂ ಸಿಗಲಿಲ್ಲ, ಮುಂದಿನ ವರ್ಷ ನೋಡೋಣ ಎಂದೆ. ನಿಜವೆಂದರೆ ನಾನು ಹುಡುಕಿಯೇ ಇರಲಿಲ್ಲ. ಅವಳು ಸರಿ ಎಂದಳು. ಮರುವರ್ಷದ ಕ್ಯಾಂಪಿಗೆ ಒಂದು ತಿಂಗಳು ಮೊದಲೇ ನೆನಪಿಸಿದಳು. ಆಗಲೂ ನಾನು ಅಜ್ಜಂಪುರದ ನಮ್ಮ ನೆಂಟರಿಗೆ ಕಾರ್ಡು ಬರೆದದ್ದು ಒಂದು ವಾರ ಇರುವಾಗ. ಅವರು ಒಬ್ಬ ವಿಧವೆಯನ್ನು ಕಳುಹಿಸಲು ಒಪ್ಪಿದರು. ನಮ್ಮ ಪೈಕಿಯವರೇ, ಶುದ್ಧವಾದ ಹೆಂಗಸು ಎಂದು ಬರೆದರು.

ಹೊರಡುವ ಹಿಂದಿನ ದಿನ ಯಗಟಿಯಮ್ಮ ಕೆಲಸಗಳನ್ನು ಒಂದೊಂದಾಗಿ ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಕಾನ್ವೆಂಟಿನಲ್ಲಿ ಸಿಸ್ಟರ್ಸ್ ಕಲಿಸಿದ್ದ ಹಾಗೆ ಸ್ಕೇಲ್ ಇಟ್ಟು ಗೆರೆ ಎಳೆದು ಪರ್ಫೆಕ್ಟ್ ಟೈಮ್‌ಟೇಬಲ್. ಮಗ್ಗುಲು ಬದಲಿಸುವ ಹೊತ್ತು, ಬೆನ್ನಿಗೆ ಪೌಡರ್, ಗಂಜಿಯ ಹದ. ಪೂಜೆಗೆ ಬಂದಾಗ ಅವಳು ನನ್ನ ಪೆನ್ನು ಹಿಡಿದ ಕೈಯನ್ನು ತಡೆದಳು.

"ಇದೊಂದು ಬರ್ಕೋಬ್ಯಾಡಿ ಅಮ್ಮಾರೆ. ಇದ ನೀವೇ ಮಾಡ್ಬೇಕು. ಹೊಸಬರ ಕೈನ ಅವ್ರು ಮುಟ್ಟಾಕಿಲ್ಲ."

ತನ್ನ ಅಂಗೈ ಚಾಚಿ ಹೇಗೆ ಹಿಡಿಯಬೇಕೆಂದು ತೋರಿಸಿದಳು. ಆಯಿತು ಆಯಿತು ಎಂದು ನಾನು ಪೆನ್ನಿನ ಕ್ಯಾಪ್ ಹಾಕಿದೆ.

ಅಜ್ಜಂಪುರದಾಕೆ ಮೊದಲ ದಿನ ಬೆಳಿಗ್ಗೆ ಪೂಜೆಯ ತಟ್ಟೆಯನ್ನು ಅತ್ತೆಯ ಮುಂದಿಟ್ಟು, ಪೂಜೆಯ ಹೊತ್ತಿನಲ್ಲಿ ಎದುರು ನಿಲ್ಲಬಾರದೆಂದು ಹೊರಗೆ ಬಂದಳು. ಅದು ಮರ್ಯಾದಸ್ಥರ ಪದ್ಧತಿ, ಅವಳದೇನೂ ತಪ್ಪಿಲ್ಲ. ನಾನು ಬಾಗಿಲಲ್ಲಿ ಇಣುಕಿದೆ. ಅತ್ತೆ ದಿಂಬಿಗೊರಗಿ ಕೂತಿದ್ದರು. ಎಡಗೈ ತೊಡೆಯ ಮೇಲೆ ಬಿದ್ದಿತ್ತು. ಬಲಗೈಯಿಂದ ಅದನ್ನು ಎತ್ತಲು ನೋಡಿದರು, ಅದು ಜಾರಿತು. ನನ್ನ ಕಡೆ ನೋಡಿದರು. ಮದುವೆಯಾಗಿ ಹನ್ನೆರಡು ವರ್ಷಗಳಲ್ಲಿ ನಾವಿಬ್ಬರೂ ಒಮ್ಮೆಯೂ ಕೈ ಕೈ ಮುಟ್ಟಿದವರಲ್ಲ. ಅವರ ಕೈ ನನ್ನ ಕೈಯ ಮೇಲೆ, ಅದೂ ಅರ್ಧ ಗಂಟೆ! ನನಗೆ ಏನೋ ಸಂಕೋಚ, ಅದಕ್ಕಿಂತ ಹೆಚ್ಚಾಗಿ ಹಳೆಯ ಬಿಗುಮಾನ.

"ನಿಮ್ಮ ಪಾಡಿಗೆ ಮಾಡ್ಕೊಳ್ಳಿ ಅತ್ತೆ," ಎಂದು ಬಾಗಿಲು ಮುಂದೆ ಮಾಡಿದೆ.

ಅಂದು ಅವರು ಊಟ ಮಾಡಲಿಲ್ಲ. ಮರುದಿನವೂ ಚಮಚ ಹತ್ತಿರ ತಂದರೆ ಹಲ್ಲು ಕಚ್ಚಿದರು. ನಮ್ಮವರು ಜವಳಿ ಖರೀದಿಗೆ ಪರವೂರಿಗೆ ಹೋಗಿದ್ದರು. ಅಜ್ಜಂಪುರದಾಕೆ ತನ್ನ ಕೈಯಡಿಗೆ ಅವರಿಗೆ ಸೇರುತ್ತಿಲ್ಲವೆಂದು ಕಣ್ಣೀರು ಹಾಕಿದಳು. ಹೌದು, ಹೊಸಬರನ್ನು ಕಂಡರೆ ಅವರಿಗಾಗದು ಎಂದು ನಾನೂ ಹೇಳಿದೆ. ಕಾರಣ ನನಗೆ ಗೊತ್ತಿರಲಿಲ್ಲವೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಗೊತ್ತಿತ್ತು. ಹತ್ತು ಹೆಜ್ಜೆ ನಡೆದು ಒಂದು ಕೈ ಚಾಚಿದ್ದರೆ ಮುಗಿಯುತ್ತಿತ್ತು. ನಾನು ಅದರ ಬದಲು ಪೋಸ್ಟಾಫೀಸಿಗೆ ನಡೆದುಹೋಗಿ ಕಡೂರಿನ ಕ್ಯಾಂಪಿಗೆ ಟೆಲಿಗ್ರಾಂ ಕೊಟ್ಟೆ. "ಮದರ್ ಇನ್ ಲಾ ಸೀರಿಯಸ್. ಸ್ಟಾರ್ಟ್ ಇಮ್ಮೀಡಿಯಟ್ಲಿ." ಸ್ಪೆಲಿಂಗ್ ಒಂದೂ ತಪ್ಪಿರಲಿಲ್ಲ.

ಮೂರನೆಯ ದಿನ ಸಂಜೆ ಯಗಟಿಯಮ್ಮ ಬಂದಳು. ಹಿಂದಿನ ದಿನವಷ್ಟೇ ತಾಯಿಯ ಒಂದು ಕಣ್ಣಿನ ಆಪರೇಷನ್ ಆಗಿತ್ತು. ಪಕ್ಕದ ಚಾಪೆಯವರಿಗೆ ಒಪ್ಪಿಸಿ ಬಸ್ಸು ಹತ್ತಿದ್ದಳು. ಚಪ್ಪಲಿ ಬಿಟ್ಟವಳೇ ಕೈಕಾಲು ತೊಳೆದು ಕೋಣೆಗೆ ಹೋದಳು. ಅತ್ತೆಯನ್ನು ನೋಡಿದಳು, ಹೂವು ಬಾಡಿದ್ದ ತಟ್ಟೆಯನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನನ್ನು. ಹೊಸ ಹೂವು ತರಲು ಹೇಳಿ, ಅತ್ತೆಯ ಅಂಗೈ ಕೆಳಗೆ ತನ್ನ ಅಂಗೈ ಇಟ್ಟಳು. ಪೂಜೆ ಮುಗಿಸಿ ಅತ್ತೆ ಎರಡು ಬಟ್ಟಲು ರಾಗಿ ಗಂಜಿ ಕುಡಿದರು.

"ಕಡೂರಿಗೆ ಬಸ್ ಐತಾ ಅಮ್ಮಾರೆ?" ಎಂದು ಕೇಳಿದಳು. ಕೊನೆಯ ಬಸ್ಸು ಹೋಗಿಬಿಟ್ಟಿತ್ತು.

ಬೆಳಿಗ್ಗೆ ಹೊರಡುವ ಮುಂಚೆ ನನ್ನ ಮುಂಗೈ ಹಿಡಿದು ಕೋಣೆಗೆ ಕರೆದೊಯ್ದಳು. ಅಷ್ಟು ವರ್ಷದಲ್ಲಿ ಅವಳು ನನ್ನ ಕೈ ಹಿಡಿದದ್ದು ಅದೇ ಮೊದಲು. ಅತ್ತೆಯ ಕೈ ಕೆಳಗೆ ನನ್ನ ಕೈ ಇಟ್ಟು, "ಬಿಗಿ ಹಿಡೀಬ್ಯಾಡಿ. ಹಕ್ಕಿ ಕುಂತದೆ ಅಂದ್ಕಳಿ," ಎಂದಳು. ಆ ಕೈಗೆ ಭಾರವೇ ಇರಲಿಲ್ಲ. ತಣ್ಣಗಿತ್ತು. ಪೂಜೆ ಮುಗಿದ ಮೇಲೆ ಅತ್ತೆ ಏನೋ ತೊದಲಿದರು. "ಕಾನ್ವೆಂಟ್ ಕೈಯೂ ನಡೀತದೆ ಅಂತಾವ್ರೆ," ಎಂದು ಯಗಟಿಯಮ್ಮ ಹೇಳಿ ಬಸ್ ಸ್ಟ್ಯಾಂಡಿಗೆ ಓಡಿದಳು.

ಹತ್ತನೆಯ ದಿನ, ಮಾತು ಕೊಟ್ಟಂತೆ, ವಾಪಸ್ಸು ಬಂದಳು. ಆಪರೇಷನ್ ಸಕ್ಸಸ್ ಆಯಿತಾ ಎಂದು ಕೇಳಿದೆ. ಆ ಕಣ್ಣು ಬರಲಿಲ್ಲ ಎಂದಳು. ಅವಳು ತರೀಕೆರೆಯಲ್ಲಿ ಉಳಿದ ಆ ರಾತ್ರಿ ಕಳೆದು ಬೆಳಕು ಹರಿಯುವ ಹೊತ್ತಿಗೆ ತಾಯಿ ಮಗಳನ್ನು ಕೂಗುತ್ತ ಎದ್ದು, ತಡಕಾಡಿಕೊಂಡು ಹೋಗಿ ಬಾಗಿಲವಾಡಕ್ಕೆ ಹಣೆ ಬಡಿಸಿಕೊಂಡಿದ್ದರು. ಹೆದರಿಕೊಂಡ ತಾಯಿ ಇನ್ನೊಂದು ಕಣ್ಣಿಗೆ ಕತ್ತರಿ ಹಾಕಿಸಲು ಒಪ್ಪಲೇ ಇಲ್ಲ. ನಾನು ತಪ್ಪು ನನ್ನದು ಎಂದು ಶುರು ಮಾಡಿದೆ. ಅವಳು ರಾಗಿ ಹಿಟ್ಟು ಮುಗಿದಿದೆ, ಬೀಸಿಸಬೇಕು ಎಂದು ಡಬ್ಬದ ಮುಚ್ಚಳ ತೆಗೆದು ತೋರಿಸಿದಳು.

ಅಂದಿನಿಂದ ಬೆಳಗಿನ ಪೂಜೆಗೆ ಕೈ ಹಿಡಿದದ್ದು ನಾನೇ. ಎಂಬತ್ತರ ದಶಕದ ಶುರುವಿನಲ್ಲಿ ಅತ್ತೆ ಲಿಂಗೈಕ್ಯರಾದರು. ಯಗಟಿಯಮ್ಮ ಗಂಟು ಕಟ್ಟಿಕೊಂಡು ತಾಯಿಯ ಬಳಿಗೆ ಹೋದಳು. ನಾನು ಒಂದು ಸಲ ಕಡೂರಿನಲ್ಲಿ ಬಸ್ಸು ಬದಲಿಸಿ ಯಗಟಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ್ದೆ. ತಾಯಿ ಜಗಲಿಯ ಮೇಲೆ ಕಂಬಳಿ ಹಾಸಿ ಕೂತು ಉಣ್ಣೆ ಬಿಡಿಸುತ್ತಿದ್ದರು. ಯಾರು ಬಂದವರೆಂದು ತಿಳಿದ ಮೇಲೆ ನನ್ನ ಅಂಗೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಸವರಿದರು.

"ಇದೇ ಕೈಯಾಗೆ ಅತ್ತೇನ ಕೊನೇಗಂಟ ನೋಡ್ಕಂಡ್ರಂತೆ. ನಮ್ಮ ಮಗ್ಳು ಹೇಳ್ತಾ ಇರ್ತಾಳೆ. ಅವತ್ತು ಅವ್ರಿಗೆ ಜೀವಕ್ಕೆ ಬಂದಿತ್ತಂತಲ್ಲವ್ವ. ಇವ್ಳು ಹೋಗಿದ್ಕೆ ಉಳ್ಕಂಡ್ರು. ಒಂದ್ ಕಣ್ಣು ಹೋಯ್ತು, ಹೋಗ್ಲಿ ಬಿಡು."

ನಾನು ಬಾಯಿ ತೆರೆದೆ. ಯಗಟಿಯಮ್ಮ ಒಳಗಿಂದ ಮಜ್ಜಿಗೆ ತಂದು ನನ್ನ ಇನ್ನೊಂದು ಕೈಗೆ ಕೊಟ್ಟು, ಸ್ವಲ್ಪವೇ ತಲೆಯಾಡಿಸಿದಳು. ಬೇಡ ಎಂದು. ನಾನು ಮಜ್ಜಿಗೆ ಕುಡಿದೆ. ತಾಯಿ ಬಿಡುವವರೆಗೂ ಆ ಕೈಯನ್ನು ಅಲುಗಿಸಲಿಲ್ಲ.

ಆಮೇಲೆ ತಾಯಿ ಹೋದರು, ಕೆಲವು ವರ್ಷದ ಮೇಲೆ ಮಗಳೂ. ಎರಡೂ ಸುದ್ದಿಗಳು ನನಗೆ ತಡವಾಗಿಯೇ ತಲುಪಿದವು. ಆ ಟೈಮ್‌ಟೇಬಲ್ ಇನ್ನೂ ನನ್ನ ಟ್ರಂಕಿನಲ್ಲಿದೆ. ಬೆಳಗಿನ ಪೂಜೆಯ ಹೊತ್ತಾದ ಏಳೂವರೆಯ ಎದುರಿಗೆ, ಅವಳು ಕೈ ತಡೆದ ಜಾಗದಲ್ಲಿ, ಒಂದು ಚಿಕ್ಕ ಇಂಕಿನ ಚುಕ್ಕೆ ಮಾತ್ರ ಇದೆ.