ಸಿದ್ದಕ್ಕನ ಒಂದು ಖಣ

ಲಚ್ಯಾಣಕ್ಕೆ ಬಂದು ಸಿದ್ದಲಿಂಗವ್ವನ ಮನೆ ಯಾವುದೆಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ‘ಮೋಟರ್ ಸಿದ್ದಕ್ಕ’ ಎಂದರೆ ಬೆರಳು ತಾನೇ ದಾರಿ ತೋರಿಸುತ್ತದೆ. ಸುಟ್ಟ ನೀರಿನ ಮೋಟರನ್ನು ಬಿಚ್ಚಿ, ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ ಕೊಡುವುದು ಅವಳ ಕೆಲಸ. ಅದು ತಂದೆ ಭೀಮಶ್ಯಾನಿಂದ ಬಂದದ್ದು. ಮದುವೆಯಾಗಿ ಸಿಂದಗಿ ಕಡೆಗೆ ಹೋದವಳು ಗಂಡ ತೀರಿಕೊಂಡ ಮೇಲೆ ತಿರುಗಿ ಬಂದಳು. ಬಂದವಳು ಅಳುತ್ತ ಕೂರದೆ ತಂದೆಯ ಎದುರು ಕೂತು ತಂತಿ ಸುತ್ತತೊಡಗಿದಳು ಎಂದು ನಮ್ಮವ್ವ ಸಗೀರಾ ಈಗಲೂ ಹೇಳುತ್ತಾಳೆ.

ನಾನು ರಮಜಾನ. ಅವರ ಹಿತ್ತಲಿಗೆ ಹತ್ತಿಕೊಂಡೇ ನಮ್ಮ ಮನೆ. ಇಂಡಿ ಪಟ್ಟಣದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಂಬಳಕ್ಕಿದ್ದೇನೆ. ಸಿಮೆಂಟು, ತಗಡು, ಕಬ್ಬಿಣ ಮಾರುವುದು, ಮಾಲೀಕರ ಟಂಟಂ ಗಾಡಿಯಲ್ಲಿ ಹೇರಿ ಗಿರಾಕಿಯ ಮನೆ ಮುಟ್ಟಿಸುವುದು. ಇಷ್ಟೆಲ್ಲ ಸಾಮಾನು ಕೈಮೇಲೆ ಹಾದುಹೋದ ಮೇಲೆ ಕಟ್ಟಡದ ವಿದ್ಯೆಯೂ ತುಸು ಅಂಟಿರಬೇಕೆಂದು ನಾನು ನಂಬಿದ್ದೆ. ಅಂಗಡಿಯ ತಕ್ಕಡಿಯೂ ಹಾಗೇ ನಂಬಿರಬಹುದು.

ಸಿದ್ದಕ್ಕನ ಅಣ್ಣ ರೇವಪ್ಪನ ಹಳೆಯ ಮನೆ ಐದು ಖಣದ್ದು. ಎರಡು ಕಂಬಸಾಲುಗಳ ನಡುವಿನ ಜಾಗಕ್ಕೆ ನಮ್ಮ ಕಡೆ ಖಣ ಎನ್ನುತ್ತಾರೆ. ಮನೆ ದೊಡ್ಡದೋ ಸಣ್ಣದೋ ಎಂದು ಹೇಳುವುದು ಖಣದ ಲೆಕ್ಕದಲ್ಲಿ. ರವಿಕೆಯ ಬಟ್ಟೆಗೂ ಖಣ ಎಂದೇ ಹೆಸರು. ತವರು ದೊಡ್ಡದೋ ಸಣ್ಣದೋ ಎಂದು ಹೇಳುವುದು ಆ ಖಣದಿಂದ. ನಾಗರ ಪಂಚಮಿಯ ದಿನ ತಂಗಿಯ ಕೈಗೆ ಖಣ ಕೊಡದ ಅಣ್ಣ ಊರಲ್ಲಿ ತಲೆಯೆತ್ತಿ ತಿರುಗಲಾರ. ಒಂದೇ ಶಬ್ದ, ಎರಡು ಅಳತೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಅದರ ಬಗ್ಗೆ ಯೋಚಿಸಿರಲಿಲ್ಲ.

ರಸ್ತೆ ಬದಿಯ ಖಣದಲ್ಲಿ ಭೀಮಶ್ಯಾ ಮೋಟರ್ ಸುತ್ತುತ್ತಿದ್ದ. ಸಾಯುವ ಹೊತ್ತಿಗೆ ಮಗನ ಕೈ ಹಿಡಿದು, ‘ಸಿದ್ದವ್ವಗ ಒಂದ ಖಣ ತಪ್ಪಸಬ್ಯಾಡಪಾ’ ಎಂದ. ರೇವಪ್ಪ ತಪ್ಪಿಸಲಿಲ್ಲ. ಪ್ರತಿ ಪಂಚಮಿಗೆ ಅಂಚಿನ ದಡಿ ನೋಡಿ, ಬಣ್ಣ ನೋಡಿ ಒಂದು ಖಣ ತಂದುಕೊಟ್ಟ. ಸಿದ್ದಕ್ಕ ಅದನ್ನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಯಲ್ಲಿಟ್ಟು, ಮತ್ತೆ ರಸ್ತೆ ಬದಿಯ ಖಣದಲ್ಲಿ ಬಂದು ಕೂರುತ್ತಿದ್ದಳು. ಅಪ್ಪನ ಮಾತು ನಡೆಸಿದೆ ಎಂದು ಅಣ್ಣ ತಿಳಿದ. ಅಣ್ಣ ಮಾತು ನಡೆಸಿದ ಎಂದು ತಂಗಿಯೂ ತಿಳಿದಳು. ವರ್ಷಗಟ್ಟಲೆ ಹಾಗೇ ನಡೆಯಿತು.

ಹೋದ ಬೇಸಿಗೆಗೆ ರೇವಪ್ಪ ಹಳೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟ. ಇಂಡಿಯ ಇಂಜಿನಿಯರ್ ಬರೆದ ನಕಾಶೆಯನ್ನು ಕಟ್ಟೆಯ ಮೇಲೆ ಹರವಿದ. ಸಿಮೆಂಟಿನ ಆರ್ಡರ್ ಹಿಡಿಯಲು ನಾನೂ ಅಲ್ಲಿದ್ದೆ.

‘ಇದ ಹಾಲು, ಇದ ಅಡಗಿಮನಿ, ಇದ ಸೊಸಿ ಖೋಲಿ’ ಎಂದು ರೇವಪ್ಪ ಬೆರಳಾಡಿಸಿದ.

ಸಿದ್ದಕ್ಕ ಬಗ್ಗಿ ನೋಡಿದಳು. ‘ನನ್ನ ಖಣ ಎಲ್ಲೈತಿ, ಅಣ್ಣಾ?’

‘ಪಂಚಮಿ ಇನ್ನಾ ಎಲ್ಲಿಂದವಾ? ಈಗಿಂದನ ಗಂಟ ಬಿದ್ದಿಯೇನ?’

ನಾನು ನಕ್ಕೆ. ಸಂಬಳಗಾರನಿಗೆ ಗಿರಾಕಿಯ ಹಾಸ್ಯಕ್ಕೆ ಎಲ್ಲರಿಗಿಂತ ಮೊದಲು ನಗುವ ಚಟವಿರುತ್ತದೆ. ಸಿದ್ದಕ್ಕ ನಗಲಿಲ್ಲ.

‘ಅಪ್ಪ ಹೇಳಿದ ಖಣ. ನಾ ಕೂಡೂ ಖಣ.’

ರೇವಪ್ಪನ ಬೆರಳು ನಿಂತಿತು. ‘ಅಪ್ಪ ಹೇಳಿದ್ದು ಅರಿವಿ ಖಣ. ವರ್ಷಾ ಕೊಟ್ಟೇನಿಲ್ಲೋ?’

‘ಕೊಟ್ಟಿ.’

‘ಮತ್ತ?’

‘ಅಪ್ಪ ಒಂದ ಅಂದಿದ್ದ. ನೀ ಕೊಟ್ಟಾವು ಪೆಟ್ಟಿಗಿ ತುಂಬ್ಯಾವು.’

ನಾನು ನಕಾಶೆಯಲ್ಲಿದ್ದ ಪಾಯಖಾನೆಯನ್ನು ಬಹಳ ಆಸ್ಥೆಯಿಂದ ನೋಡತೊಡಗಿದೆ. ರೇವಪ್ಪ ಕೆಟ್ಟವನಲ್ಲ. ಸೊಸೆ ಬಸುರಿ, ವಾರ್ನಿಷ್ ವಾಸನೆಗೆ ಅವಳಿಗೆ ಉಂಡದ್ದು ಉಳಿಯುತ್ತಿರಲಿಲ್ಲ. ಅವನು ನಕಾಶೆ ಸುತ್ತುತ್ತ ಹೇಳಿದ: ‘ಹಿತ್ತಲ ಮೂಲ್ಯಾಗ, ಬೇವಿನ ಗಿಡದ ಆಚೆ ಒಂದ ಶೆಡ್ ಹಾಕ್ಕೋ. ಮನಿಗೆ ಹತ್ತಿ ಬ್ಯಾಡ. ನಮ್ಮ ಹಿತ್ತಲ, ನಮ್ಮ ಶೆಡ್. ಯಾರ ಕೇಳಾವ್ರು?’

ಆ ಸಂಜೆ ಹಿತ್ತಲ ಗೋಡೆಯ ಮೇಲಿಂದ ಸಿದ್ದಕ್ಕ ನನಗೆ ಹೇಳಿದಳು: ‘ನಮ್ಮ ಶೆಡ್ ಅಂದ. ಕೇಳಿದ್ಯಾ? ಇರು ಅಂದ್ರ ಇರಬೇಕು, ಏಳು ಅಂದ್ರ ಏಳಬೇಕು. ದಾನಾ ಕೊಟ್ಟಿದ್ದ ಮೂಲಿ ನನಗ ಬ್ಯಾಡ ರಮಜಾನಾ. ಅಪ್ಪ ಕೊಟ್ಟಿದ್ದ ಖಣ ಆದ್ರ ಬೇಕು.’

ಭೀಮಶ್ಯಾ ಸಾಯುವಾಗ ನಮ್ಮವ್ವ ಅಲ್ಲೇ ಇದ್ದಳು. ಅವನು ಯಾವ ಖಣ ಹೇಳಿದ್ದ ಎಂದು ಕೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ‘ಮುದುಕ ಉಸರಿಗೆ ಜಗ್ಗ್ಯಾಡಾಕತ್ತಿದ್ದ. ಯಾವ ಖಣ ಅಂತ ಕೇಳೂ ಹೊತ್ತೇನ ಅದು? ಯಾರೂ ಕೇಳಲಿಲ್ಲ.’

ಮನೆ ಕೆಡವುವ ಹಿಂದಿನ ದಿನ ಸಿದ್ದಕ್ಕ ಒಂದು ಹಗ್ಗ ಹಿಡಿದು ತನ್ನ ಖಣದ ಉದ್ದಗಲ ಅಳೆದು ಗಂಟು ಹಾಕಿಕೊಂಡಳು. ನಾನು ಅಂಗಡಿಯ ಟೇಪು ಚಾಚಿದೆ. ‘ಟೇಪಿನಾಗ ಯಾರ ಮನಿ ಬೇಕಾದ್ರೂ ಬರ್ತೈತಿ. ಇದರಾಗ ಇದ ಅಷ್ಟ’ ಎಂದು ಹಗ್ಗ ಸುತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಬೇವಿನ ಗಿಡದ ಆಚೆ ಅದೇ ಗಂಟುಗಳಿಗೆ ಗೂಟ ಹೊಡೆದಳು. ಕೂದಲಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಗೋಡೆ ಕಟ್ಟುವ ಗೌಂಡಿಯನ್ನು ಕರೆಯಲಿಲ್ಲ. ವಾರದ ರಜೆಗೆ ನಾನೇ ಸಹಾಯಕ್ಕೆ ಹೋಗುತ್ತಿದ್ದೆ, ಸಲಹೆಗಾರನೆಂದು ತಿಳಿದುಕೊಂಡು. ಫೋನಿನಲ್ಲಿ ಒಬ್ಬ ಬಿಳಿಯ ಮನುಷ್ಯ ಸಂಗೀತದೊಂದಿಗೆ ಚಹಾ ಕುಡಿಯುವಷ್ಟರಲ್ಲಿ ಗ್ಯಾರೇಜು ಕಟ್ಟಿ ಮುಗಿಸುವುದನ್ನು ನೋಡಿಕೊಂಡಿದ್ದೆ. ಮೊಣಕಾಲುದ್ದ ಅಗೆದು, ‘ಸಾಕಕ್ಕಾ, ಬುನಾದಿ ಆತು’ ಎಂದೆ. ಅವಳು ಹಾರೆ ಎತ್ತಿ ತಗ್ಗಿನಲ್ಲಿ ಬಿಟ್ಟಳು. ಅದು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಆ ಮನುಷ್ಯನ ಊರಲ್ಲಿ ನಮ್ಮ ಕರಿ ಎರಿ ಮಣ್ಣಿರಲಿಲ್ಲ. ಬೇಸಿಗೆಗೆ ಕಾಲು ಸಿಕ್ಕುವಷ್ಟು ಬಿರಿದು, ಮಳೆಗೆ ಉಬ್ಬಿ, ಮೇಲಿನ ಗೋಡೆಯನ್ನು ಸೀಳಿಹಾಕುವ ಮಣ್ಣು. ಕೆಳಗೆ ಗಟ್ಟಿ ಗರಸು ನೆಲ ಸಿಗುವವರೆಗೆ ಅಗೆದೆವು. ಕೊನೆಗೆ ನನ್ನ ತಲೆಯೂ ತಗ್ಗಿನೊಳಗೆ ಹೋಯಿತು. ಮೇಲಿದ್ದಾಗಲೂ ಅದರಿಂದ ಅಂಥ ಉಪಯೋಗವಿರಲಿಲ್ಲ.

ಹಳೆಯ ಖಣದ ಕಲ್ಲನ್ನೇ ರೇವಪ್ಪ ಒಯ್ಯಲು ಬಿಟ್ಟ, ಹೇಗೂ ಹೊರಗೆ ಚೆಲ್ಲುವುದೆಂದು. ಮುಂಜಾನೆ ಗೋಡೆ, ಬಿಸಿಲೇರಿದ ಮೇಲೆ ಮೋಟರ್, ಇಳಿಹೊತ್ತಿಗೆ ಮತ್ತೆ ಗೋಡೆ. ತಾಮ್ರದ ತಂತಿಗೆ ಹಳೆಯ ಬೇರಿಂಗ್ ಕಟ್ಟಿ ಇಳಿಬಿಟ್ಟು ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದಳು. ಮೊದಲ ಮೂಲೆ ಸೊಟ್ಟ ಬಂತು. ಬಿಚ್ಚಿ ಮತ್ತೆ ಇಟ್ಟಳು. ಬೆರಳ ತುದಿ ಸವೆದು ತಂತಿ ಹಿಡಿಯಲು ಉರಿಯುತ್ತಿತ್ತು. ಬಟ್ಟೆ ಸುತ್ತಿಕೊಂಡು ಹಿಡಿದಳು. ರೇವಪ್ಪ ಆಗಾಗ ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬಂದು, ಗೋಡೆಗೆ ಕೈ ಬಡಿದು, ‘ನಮ್ಮ ಶೆಡ್ ಗಟ್ಟಿ ಆತಲ್ಲ’ ಎಂದು ಹೋಗುತ್ತಿದ್ದ. ಅವಳು ಮುಂದಿನ ಕಲ್ಲು ಎತ್ತುತ್ತಿದ್ದಳು.

ಗೋಡೆ ಮೇಲೇರಿತು. ಎದುರುಬದುರು ಗೋಡೆಗಳಲ್ಲಿ ಒಂದೊಂದು ಗೂಡು ಬಿಟ್ಟು ಅಲ್ಲಿಗೆ ನಿಲ್ಲಿಸಿದಳು. ತೊಲೆ ಕೂರುವ ಜಾಗ ಅದು. ಹಳೆಯ ಖಣದ ಸಾಗವಾನಿ ತೊಲೆಗೆ ಭೀಮಶ್ಯಾ ಹೊಡೆದ ಕಬ್ಬಿಣದ ಬಳೆಯಿತ್ತು. ಅದಕ್ಕೆ ಸರಪಳಿ ಹಾಕಿ ಮೋಟರ್ ಎತ್ತುತ್ತಿದ್ದರು. ಈಗ ಆ ತೊಲೆ ರೇವಪ್ಪನ ಅಂಗಳದಲ್ಲಿ ಹೊದಿಕೆಯಡಿ ಬಿದ್ದಿತ್ತು.

ಸಿದ್ದಕ್ಕ ಹೋಗಿ ಕೇಳಿದಳು. ‘ಅಣ್ಣಾ, ತೊಲಿ ಬೇಕು.’

‘ಅದು ಹೊಸ ಮನಿ ತಲಬಾಗಲಕ್ಕ ಐತಿ. ಬಡಿಗ್ಯಾಗ ಹೇಳೇನಿ. ನಿನ್ನ ತಗಡಿನ ಶೆಡ್ಡಿಗೆ ಕಬ್ಬಣ ಸಾಕಾಗ್ತೈತೆಳವಾ.’

‘ಕಬ್ಬಣ ಶೆಡ್ಡಿಗೆ ಸಾಕು. ಖಣಕ್ಕ ತೊಲಿ ಬೇಕು.’

‘ಮತ್ತ ಅದನ್ನ ತಗೀಬ್ಯಾಡ’ ಎಂದು ರೇವಪ್ಪ ಎದ್ದು ಹೋದ.

ನಾನು ಒಂದನೇ ನಂಬರಿನ ಕಬ್ಬಿಣದ ಬಗ್ಗೆ ಅಂಗಡಿಯಲ್ಲಿ ಹೇಳುವ ಭಾಷಣವನ್ನೆಲ್ಲ ಅವಳಿಗೆ ಹೇಳಿದೆ. ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಅವಳು ಪೂರ್ತಿ ಕೇಳಿ, ‘ಮಾರೂ ಮುಂದ ಚಲೋ ಮಾತಾಡ್ತಿ’ ಎಂದಳು. ಮಾರಾಟವಾಗಲಿಲ್ಲ.

ತೊಲೆ ಬರುವವರೆಗೆ ಸೂರು ಹಾಕುವುದಿಲ್ಲವೆಂದು ಕೂತಳು. ಕೂತಳು ಎಂದರೆ ಸುಮ್ಮನೆ ಕೂರಲಿಲ್ಲ. ತಾಳಿಕೋಟೆಯಿಂದ ಬಂದ ಫರಸಿ ಕಲ್ಲು ನೆಲಕ್ಕೆ ಹಾಸಿದಳು, ಎಣ್ಣೆ ಹರಿದುಹೋಗಲೆಂದು ಬಾಗಿಲ ಕಡೆಗೆ ತುಸು ಇಳಿಜಾರು ಕೊಟ್ಟು. ಗೋಡೆಗೆ ಗಾರೆ ಮೆತ್ತಿ ಗಿಲಾವು ಮಾಡಿದಳು. ಸುಣ್ಣ ಬಳಿದಳು. ಷಟರ್ ಕೂರಿಸಿ ಹಸಿರು ಬಣ್ಣ ಹಚ್ಚಿದಳು. ಒಳಗೆ ನಿಂತು ತಲೆಯೆತ್ತಿದರೆ ಆಕಾಶ. ಊರಿನವರು ಲಿಂಬೆ ತೋಟಕ್ಕೆ ಹೋಗುವಾಗ ನಿಂತು ನೋಡುತ್ತಿದ್ದರು. ‘ಸಿದ್ದಕ್ಕಾ, ಕೀಲಿ ಯಾಕ ಹಾಕ್ತಿ? ಕಳ್ಳ ಬಂದ್ರ ಮ್ಯಾಲಿಂದ ಇಳದ ಬರ್ತಾನ’ ಎಂದ ಒಬ್ಬ. ‘ಇಳೀಲಿ, ಒಂದ ಮೋಟರ ಎತ್ತಿ ಕೊಡ್ತೇನಿ’ ಎಂದಳು.

ಮಳೆ ಹಿಡಿಯಿತು. ತಲೆ ಮೇಲೆ ತಾಡಪತ್ರಿಯ ಹೊದಿಕೆ ಕಟ್ಟಿಕೊಂಡು ಒಳಗೆ ಕೆಲಸ ಮಾಡಿದಳು. ವಾರ್ನಿಷ್ ಸರಿಯಾಗಿ ಒಣಗದೆ ಹೂವಿನ ಹಿಪ್ಪರಗಿಯ ರೈತನೊಬ್ಬನ ಮೋಟರ್ ನೀರಿಗಿಳಿಸಿದ ಕೂಡಲೇ ಮತ್ತೆ ಸುಟ್ಟಿತು. ಅವನು ಬೈಯಲಿಲ್ಲ. ತಗ್ಗಿದ ದನಿಯಲ್ಲಿ, ‘ಮುಂದಿಂದ ಬ್ಯಾರೆ ಕಡೆ ನೋಡ್ತೇವವಾ’ ಎಂದ. ಅಷ್ಟು ವರ್ಷಗಳಲ್ಲಿ ಅಂಥ ಮಾತನ್ನು ಅವಳು ಕೇಳಿರಲಿಲ್ಲ. ಆ ಸಂಜೆ ನಾನು ಹೋದಾಗ ಒದ್ದೆ ಫರಸಿಯ ಮೇಲೆ ಕೂತು ಅದೇ ಮೋಟರಿನ ತಂತಿ ಕೀಳುತ್ತಿದ್ದಳು. ‘ಅಕ್ಕಾ, ಹಟಾ ಬಿಡು’ ಎಂದೆ.

‘ಇದು ಹಟ ಆಗಿದ್ರ ಯಾವಾಗೋ ಬಿಡ್ತಿದ್ನಿ’ ಎಂದಳು, ತಲೆಯೆತ್ತದೆ.

ಪಂಚಮಿ ಹತ್ತಿರ ಬಂತು. ನಮ್ಮ ಅಂಗಡಿಯ ಪಕ್ಕದಲ್ಲೇ ಬಟ್ಟೆ ಅಂಗಡಿ. ರೇವಪ್ಪ ಅಲ್ಲಿಗೆ ಬಂದದ್ದು ನೋಡಿ ನಾನೂ ಹೋಗಿ ಬಾಗಿಲಲ್ಲಿ ನಿಂತೆ. ನನ್ನ ಟಂಟಂನಲ್ಲೇ ಅವನು ಊರಿಗೆ ತಿರುಗುವವನಿದ್ದ.

‘ಒಂದ ಖಣ ಕೊಡ್ರಿ, ತಂಗಿಗೆ’ ಎಂದ ರೇವಪ್ಪ.

‘ಯಾವ ಖಣ ಬೇಕ್ರಿ?’ ಎಂದು ಅಂಗಡಿಯವನು ಕೇಳಿದ, ಕೈ ಆಗಲೇ ಕಪಾಟಿನ ಕಡೆಗೆ.

ಅಂಗಡಿಯವನು ಹಸಿರು, ಕೆಂಪು, ನೇರಳೆ ಎಂದು ಒಂದೊಂದೇ ಬಿಚ್ಚಿ ಹರವಿದ. ‘ಯಾವ ಖಣ ಹೇಳ್ರಿ’ ಎಂದು ಮತ್ತೆ ಕೇಳಿದ. ರೇವಪ್ಪ ಬಟ್ಟೆಯ ಮೇಲೆ ಕೈಯಿಟ್ಟುಕೊಂಡು, ಏನೋ ಕೇಳಿಸದವನಂತೆ ನಿಂತೇ ಇದ್ದ. ಕೊನೆಗೆ ಹತ್ತಿರವಿದ್ದ ಹಸಿರನ್ನು ದೂಡಿ, ಕಟ್ಟಿಸಿಕೊಂಡು ಬಂದ.

ದಾರಿಯಲ್ಲಿ ಪೊಟ್ಟಣವನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತಿದ್ದ. ಆಮೇಲೆ, ‘ನಿಮ್ಮವ್ವ ಅವತ್ತ ಇದ್ದಳು. ಏನಂತಾಳ?’ ಎಂದ.

‘ಯಾವ ಖಣ ಅಂತ ಯಾರೂ ಕೇಳಲಿಲ್ಲ ಅಂತಾಳ್ರಿ.’

‘ಕೈ ನಂದ ಹಿಡದಿದ್ದ. ನಾನ ಕೇಳಬೇಕಿತ್ತು.’

ನಾನು ಗೇರು ಬದಲಿಸಿದೆ. ಟಂಟಂ ಗದ್ದಲ ಮಾಡುವ ಗಾಡಿ, ಉತ್ತರಕ್ಕೆ ಅದೇ ಸಾಕಾಯಿತು.

ಪಂಚಮಿಯ ಮುಂಜಾನೆ ಟ್ರ್ಯಾಕ್ಟರಿನ ಸದ್ದಿಗೆ ನಾನು ಹಿತ್ತಲಿಗೆ ಬಂದೆ. ಟ್ರೇಲರಿನಲ್ಲಿ ತೊಲೆಯಿತ್ತು. ರೇವಪ್ಪ ಷಟರಿನ ಹೊರಗೆ ನಿಂತಿದ್ದ, ಕಂಕುಳಲ್ಲಿ ಖಣದ ಪೊಟ್ಟಣ. ಸಿದ್ದಕ್ಕ ಒಳಗೆ ತಾಡಪತ್ರಿಯಡಿ ತಂತಿ ಸುತ್ತುತ್ತಿದ್ದಳು. ಇಷ್ಟು ದಿನ ಹೇಳದೆ ಕೇಳದೆ ಬಂದುಹೋಗುತ್ತಿದ್ದವನು ಅಂದು ಹೆಜ್ಜೆ ಒಳಗಿಡಲಿಲ್ಲ.

‘ಸಿದ್ದವ್ವಾ, ಒಳಗ ಬರ್ಲೇನು?’

ಅವಳ ಕೈ ನಿಂತಿತು. ಅವನ ಮುಖ ನೋಡಿದಳು, ತೊಲೆ ನೋಡಿದಳು, ಆಮೇಲೆ ಅವನ ಕಾಲು ನೋಡಿದಳು.

‘ಚಪ್ಪಲಿ ಬಿಟ್ಟ, ಕಾಲ ತೊಳಕೊಂಡ ಬಾ ಅಣ್ಣಾ. ಫರಸಿ ಹೊಸಾದ ಐತಿ.’

ಅವನು ಬಾಗಿಲ ಬಳಿಯ ಕೊಡದಿಂದ ನೀರು ಸುರುವಿಕೊಂಡು ಕಾಲು ತೊಳೆದು ಬಂದ. ತೊಲೆ ಏರಿಸಲು ಅವನು, ಅವನ ಮಗ, ಟ್ರ್ಯಾಕ್ಟರಿನವನು ಮತ್ತು ನಾನು ಹೆಗಲು ಕೊಟ್ಟೆವು. ನನ್ನ ಹೆಗಲು ತೊಲೆಗೆ ಮುಟ್ಟಿರಲಿಲ್ಲವೆಂದು ಆಮೇಲೆ ತಿಳಿಯಿತು. ಹಗ್ಗದ ಅಳತೆ ತಪ್ಪಿರಲಿಲ್ಲ. ತೊಲೆ ತನ್ನ ಹಳೆಯ ಜಾಗಕ್ಕೆ ಬಂದಂತೆ ಗೂಡುಗಳಲ್ಲಿ ಕೂತಿತು. ಮನೆಗೆ ತೊಲೆ ಏರಿದಾಗ ಅದಕ್ಕೆ ಖಣ ಕಟ್ಟುವ ವಾಡಿಕೆ ನಮ್ಮಲ್ಲಿದೆ; ಶೆಡ್ಡಿಗೆ ಯಾರೂ ಕಟ್ಟುವುದಿಲ್ಲ. ರೇವಪ್ಪ ನಿಚ್ಚಣಿಕೆ ಏರಿ ಪೊಟ್ಟಣ ಬಿಚ್ಚಿ, ಹಸಿರು ಖಣವನ್ನು ತಂದೆ ಹೊಡೆದ ಬಳೆಯ ಪಕ್ಕ ಕಟ್ಟಿದ. ಕಟ್ಟಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಸಿದ್ದಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

ಇಳಿದು ಬಂದು ಕೇಳಿದ: ‘ತಪ್ಪಿಸಿದ್ದ ಖಣ ಕೊಟ್ಟೇನಿ. ಇನ್ನ ಪಂಚಮಿ ಖಣ ಬಿಡೂದೇನ?’

‘ಅದನ್ನೂ ತಪ್ಪಸಬ್ಯಾಡ’ ಎಂದಳು ಸಿದ್ದಕ್ಕ.

ತೊಲೆಯ ಮೇಲಿನ ಬಟ್ಟೆ ಈಗ ವಾರ್ನಿಷ್ ಹೊಗೆಗೆ ಕಂದಿದೆ. ಹೊಸಬರು ಸುಟ್ಟ ಮೋಟರ್ ಹೇರಿಕೊಂಡು ಬಂದು ಶೆಡ್ ಎಲ್ಲಿ ಎಂದು ಕೇಳಿದರೆ, ರೇವಪ್ಪ ಹೊಸ ಮನೆಯ ಕಟ್ಟೆಯಿಂದಲೇ ಹೇಳುತ್ತಾನೆ:

‘ಶೆಡ್ ಇಲ್ರಿ ಇಲ್ಲೆ. ಸಿದ್ದವ್ವನ ಖಣ ಐತಿ, ಆ ಬೇವಿನ ಗಿಡದ ಆಚೆ. ಹೊರಗ ನಿಂತ ಕೂಗ್ರಿ.’