ಮೊದಲ ದಿನ ದಾರವಿಲ್ಲ

ಬೆಳಗಿನ ಐದೂಮುಕ್ಕಾಲು. ಮೂರನೇ ಮಹಡಿಯ ಪುಟ್ಟ ಮನೆಯೊಂದರಲ್ಲಿ ಒಂದೇ ದೀಪ ಉರಿಯುತ್ತಿದೆ. ಊಟದ ಮೇಜಿನ ಮೇಲೆ ನಿನ್ನೆ ಸಂಜೆಯಷ್ಟೇ ಪೆಟ್ಟಿಗೆಯಿಂದ ಹೊರಬಂದ ಹೊಲಿಗೆ ಯಂತ್ರ. ಅದರ ಮುಂದೆ ಕುರ್ಚಿಯ ತುದಿಯಲ್ಲಿ ಕುಳಿತವರು ನಿವೃತ್ತ ಬಸ್ ಚಾಲಕ, ವಯಸ್ಸು ಅರವತ್ತೊಂದು. ಮೂವತ್ತೈದು ವರ್ಷ ಸ್ಟಿಯರಿಂಗ್ ಹಿಡಿದ ಕೈಗಳು ಗೆರೆ ಹಾಕಿದ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಬಿಗಿಯಾಗಿ ಹಿಡಿದಿವೆ. ಸೂಜಿಯಲ್ಲಿ ದಾರವಿಲ್ಲ.

"ಗೆರೆ ಮೇಲೇ ಹೋಗ್ಬೇಕು, ಅಷ್ಟೇ ಇವತ್ತಿನ ಕೆಲ್ಸ," ಎನ್ನುತ್ತಾರೆ ಪಕ್ಕದ ಸ್ಟೂಲಿನ ಮೇಲೆ ಕುಳಿತ ಹೆಂಗಸು.

ಚಾಲಕರು ಪೆಡಲ್ ಒತ್ತುತ್ತಾರೆ. ಯಂತ್ರ ಗುರ್ ಎಂದು ನುಗ್ಗಿ, ಹಾಳೆ ಮೂರು ಗೆರೆ ದಾಟಿ ಅಡ್ಡಾದಿಡ್ಡಿ ಓಡುತ್ತದೆ. ಅವರ ಎಡಗಾಲು ಗಾಬರಿಯಲ್ಲಿ ಕ್ಲಚ್ಚಿಗಾಗಿ ನೆಲವನ್ನು ತಡಕಾಡುತ್ತದೆ.

"ಬ್ರೇಕ್ ಎಲ್ಲಿ ಇದಕ್ಕೆ?"

"ಕಾಲು ತೆಗೆದ್ರೆ ಅದೇ ಬ್ರೇಕು. ನಿಮ್ಮ ಬಸ್ಸಿಗಿಂತ ವಾಸಿ."

ಅಷ್ಟು ಹೇಳಿ ಆಕೆ ಬಾಯಿ ಮುಚ್ಚಿದರೆ ಇಪ್ಪತ್ತು ನಿಮಿಷ ಚಕಾರವಿಲ್ಲ. ಹಾಳೆ ಸೊಟ್ಟಗೆ ಹೋಗುತ್ತದೆ, ಹರಿಯುತ್ತದೆ, ಇನ್ನೊಂದು ಹಾಳೆ ಬರುತ್ತದೆ. ಆರನೆಯದನ್ನು ಆಕೆ ಕಿಟಕಿಗೆ ಎತ್ತಿ ಹಿಡಿಯುತ್ತಾರೆ. ತೂತುಗಳ ಸಾಲಿನಲ್ಲಿ ಬೆಳಗಿನ ಬೆಳಕು ಕಾಣುತ್ತದೆ. ಎಲ್ಲಿ ಕಾಲು ಹೆದರಿತು, ಎಲ್ಲಿ ಕೈ ಹಾಳೆಯನ್ನು ಜಗ್ಗಿತು ಎಂಬುದೆಲ್ಲ ಅದರಲ್ಲಿದೆ. ಹಿಂಬದಿಯಲ್ಲಿ ತಾರೀಕು ಬರೆದು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಈಕೆ ಹೊಲಿಗೆ ಯಂತ್ರದ ಅಂಗಡಿಯೊಂದರ ಮೊದಲ ದಿನದ ಟೀಚರು. ಅಂಗಡಿಯಲ್ಲಿ ಯಂತ್ರ ಕೊಂಡವರ ಮನೆಗೆ ಮಾರನೆಯ ಬೆಳಿಗ್ಗೆ ಹೋಗಿ, ಯಂತ್ರವನ್ನು ಕೂರಿಸಿ, ಮೊದಲ ಪಾಠ ಹೇಳಿ ಬರುವುದು ಕೆಲಸ. ಅಂಗಡಿಯವರಿಗೂ ಗಿರಾಕಿಗಳಿಗೂ ಆಕೆ 'ಕಾಗದದಕ್ಕ'. ವಯಸ್ಸು ಐವತ್ತೇಳು, ಈ ಕೆಲಸಕ್ಕೆ ಸೇರಿ ಹದಿನೇಳು ವರ್ಷ. ವಾರದಲ್ಲಿ ಎರಡು ಮೂರು ಬೆಳಿಗ್ಗೆ ಹೊಸ ಮನೆ, ಒಂಬತ್ತರಿಂದ ಸಂಜೆವರೆಗೆ ಅಂಗಡಿ. ಈವರೆಗೆ ಎರಡು ಸಾವಿರದ ನೂರಾ ಚಿಲ್ಲರೆ ಯಂತ್ರಗಳಿಗೆ ಈಕೆಯ ಕೈ ತಾಗಿದೆ.

ಅಕ್ಕನ ಕಾನೂನು ಎರಡೇ. ಮೊದಲ ದಿನ ದಾರವಿಲ್ಲ. ಮೊದಲ ದಿನ ನೋಡುವವರೂ ಇಲ್ಲ. ಅದಕ್ಕೇ ಮನೆಮಂದಿ ಏಳುವ ಮೊದಲು ಪಾಠ. ಹೆಂಡತಿಯಾಗಲಿ, ಗಂಡನಾಗಲಿ, ಅತ್ತೆಯಾಗಲಿ ಕಲಿಯುವವರ ಕೋಣೆಗೆ ಇಣುಕುವ ಹಾಗಿಲ್ಲ. ಚಾಲಕರ ಹೆಂಡತಿ ಕಾಫಿ ಕೊಡುವ ನೆಪ ಮಾಡಿಕೊಂಡು ಬಾಗಿಲವರೆಗೆ ಬಂದವರು ಅಕ್ಕನ ಒಂದೇ ನೋಟಕ್ಕೆ ಲೋಟ ಸಮೇತ ವಾಪಸಾಗುತ್ತಾರೆ.

ಪಾಠ ಮುಗಿದ ಮೇಲೆ ಸಾಮಾನಿನ ಸರದಿ. ಯಂತ್ರದ ಜೊತೆ ಅಂಗಡಿ ಕೊಡುವ ಡಬ್ಬಿಯಲ್ಲಿ ಮೂವತ್ತಾರು ಬಗೆಯ ಬಿಡಿಭಾಗಗಳಿವೆ. ಅಕ್ಕ ಅದರಿಂದ ಎಂಟನ್ನು ಮಾತ್ರ ಮೇಜಿನ ಮೇಲಿಡುತ್ತಾರೆ: ಸೂಜಿಗಳ ಪೊಟ್ಟಣ, ದಾರ ಸುತ್ತುವ ನಾಲ್ಕು ಬಾಬಿನ್, ಅಳತೆಯ ಟೇಪು, ಸೀಮೆಸುಣ್ಣ, ಗುಂಡುಪಿನ್ನು, ಎಣ್ಣೆಯ ಕುಪ್ಪಿ, ಸಣ್ಣ ಸ್ಕ್ರೂಡ್ರೈವರ್, ಹೊಲಿಗೆ ಬಿಚ್ಚುವ ಕೊಕ್ಕೆ. ಉಳಿದದ್ದನ್ನು ಗಂಟು ಕಟ್ಟಿ, ಆರು ತಿಂಗಳು ಮುಟ್ಟಬೇಡಿ ಎನ್ನುತ್ತಾರೆ.

"ಎಲ್ಲಾ ಹೊಲಿಯೋದು ಕೇಳ್ತಾರೆ. ನಾನು ಮೊದ್ಲು ಬಿಚ್ಚೋದು ಕಲಿಸ್ತೀನಿ. ಬಿಚ್ಚೋಕೆ ಬರುತ್ತೆ ಅಂತ ಗೊತ್ತಾದ್ರೆ ತಪ್ಪು ಮಾಡೋಕೆ ಹೆದರಿಕೆ ಇರಲ್ಲ." ಕತ್ತರಿಯನ್ನು ಮಾತ್ರ ಬೇರೆ ಕೊಳ್ಳಲು ಹೇಳುತ್ತಾರೆ. "ಬಟ್ಟೆ ಕತ್ತರಿ ಬಟ್ಟೆಗೇ. ಮನೇಲಿ ಯಾರಾದ್ರೂ ಅದ್ರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸಿದ್ರೆ ಅವತ್ತು ಅವ್ರಿಗೆ ಊಟ ಹಾಕ್ಬೇಡಿ."

ಕೊನೆಗೆ ಸೂಜಿಯ ಪಾಠ. ಸೂಜಿಯ ಬುಡ ಒಂದು ಕಡೆ ಚಪ್ಪಟೆ. ಆ ಚಪ್ಪಟೆ ಬೆನ್ನು ಸರಿಯಾದ ಕಡೆ ಕೂತರೆ ಯಂತ್ರ ನೆಟ್ಟಗೆ ನಡೆಯುತ್ತದೆ, ತಿರುಗಿ ಕೂತರೆ ದಾರ ಪಟಪಟ ಕಡಿಯುತ್ತದೆ. ಕೆಟ್ಟಿದೆ ಎಂದು ಅಂಗಡಿಗೆ ವಾಪಸಾಗುವ ಹತ್ತು ಯಂತ್ರಗಳಲ್ಲಿ ಆರರದ್ದು ಇದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಸೂಜಿ ತಿರುಗಿದ್ದಕ್ಕೆ ಯಂತ್ರ ಬೈಸಿಕೊಳ್ಳುತ್ತದೆ. ಚಾಲಕರ ಬೆರಳು ಹಿಡಿದು ಆ ಚಪ್ಪಟೆ ಬೆನ್ನನ್ನು ಮೂರು ಸಲ ಮುಟ್ಟಿಸಿದ ಮೇಲೇ ಅಕ್ಕ ಎದ್ದು ನಿಲ್ಲುತ್ತಾರೆ.

ಒಂದು ತಿಂಗಳು ಬಿಟ್ಟು ಅದೇ ಮನೆಗೆ ಮತ್ತೊಮ್ಮೆ ಹೋಗುತ್ತಾರೆ. ಹೊಲಿದದ್ದನ್ನು ನೋಡಲು ಅಲ್ಲ, ಯಂತ್ರದ ಮೇಲೆ ಏನಿದೆ ಎಂದು ನೋಡಲು. ಹೂದಾನಿ ಇದ್ದರೆ ಕಥೆ ಮುಗಿಯಿತು ಎಂದೇ ಲೆಕ್ಕ. "ಮೆಷಿನ್ ಮೇಜಾಯ್ತು ಅಂದ್ರೆ ಆ ಮನೇಲಿ ನಾನು ಸೋತೆ," ಎನ್ನುತ್ತಾರೆ. ಆರರಲ್ಲಿ ಒಂದು ಮೇಜಾಗುತ್ತದೆ. ಈ ಸೋಲನ್ನು ಆಕೆ ಯಾರಿಂದಲೂ ಮುಚ್ಚಿಡುವುದಿಲ್ಲ.

ಮುಚ್ಚಿಟ್ಟಿದ್ದು ಒಂದೇ ಒಂದು. ಅದು ಅವರ ಮನೆಯಲ್ಲೇ ಇದೆ.

ಆ ಮನೆಯ ಒಳಕೋಣೆಯಲ್ಲಿ ಕಾಲಿನಿಂದ ತುಳಿಯುವ ಹಳೆಯ ಯಂತ್ರವೊಂದಿದೆ. ಮೇಲೆ ಕಸೂತಿಯ ಹೊದಿಕೆ. ಹೊದಿಕೆಯ ಮೇಲೆ ಇಸ್ತ್ರಿಪೆಟ್ಟಿಗೆ, ಪುಟ್ಟ ಕನ್ನಡಿ, ಬಾಚಣಿಗೆಗಳ ಡಬ್ಬಿ. ಅಕ್ಕ ಮೊದಲು ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಬರೀ ಕಾಲರ್ ಹೊಲಿದವರು. ಮಗಳಿಗೆ ಹನ್ನೊಂದಾದಾಗ ಗಂಡ ಕಾಯಿಲೆಯಿಂದ ತೀರಿಕೊಂಡರು. ಮಗಳು ಕಾರ್ಖಾನೆಯ ಮೆಟ್ಟಿಲು ಹತ್ತಬಾರದು, ಮನೆಯಲ್ಲೇ ಸ್ವಂತ ಕೆಲಸ ಮಾಡಲಿ ಎಂದು ಅವಳ ಹದಿನಾರನೇ ವಯಸ್ಸಿಗೆ ಈ ಯಂತ್ರ ತಂದರು. ಭಾನುವಾರ ಮಧ್ಯಾಹ್ನ ಮೂವರು ನಾದಿನಿಯರನ್ನೂ ಪಕ್ಕದ ಮನೆಯವರನ್ನೂ ಕರೆದು, ತಾವೇ ಸೂಜಿ ಹಾಕಿ, ದಾರ ಪೋಣಿಸಿ, ಎಲ್ಲರ ಎದುರು ಮಗಳನ್ನು ಕೂರಿಸಿದರು.

ದಾರ ಕಡಿಯಿತು. ಪೋಣಿಸಿದರು, ಮತ್ತೆ ಕಡಿಯಿತು. ಐದನೇ ಸಲಕ್ಕೆ ಅಕ್ಕನ ತಾಳ್ಮೆಯೂ ಕಡಿಯಿತು. "ಇವಳ ಕೈಗುಣಾನೇ ಇಷ್ಟು. ಮುರಿಯೋದು ಬಿಟ್ರೆ ಏನೂ ಬರಲ್ಲ" ಎಂದುಬಿಟ್ಟರು. ನಾದಿನಿಯರು ನಕ್ಕರು. ಹುಡುಗಿ ಅಳಲಿಲ್ಲ. ಯಂತ್ರಕ್ಕೆ ಹೊದಿಕೆ ಹಾಕಿ ಎದ್ದು ಹೋದಳು.

ಒಂದು ವಾರ ಕಳೆದು ಎಣ್ಣೆ ಬಿಡಲು ಕೂತ ಅಕ್ಕನ ಬೆರಳು ಸೂಜಿಯ ಬುಡಕ್ಕೆ ತಾಗಿತು. ಚಪ್ಪಟೆ ಬೆನ್ನು ತಪ್ಪು ಕಡೆ ಇತ್ತು. ಹನ್ನೆರಡು ವರ್ಷ ಹೊಲಿದ ಕೈ ಅವಸರದಲ್ಲಿ ಸೂಜಿಯನ್ನು ತಿರುಗುಮುರುಗು ಹಾಕಿತ್ತು.

"ಸದ್ದಿಲ್ದೆ ತಿರುಗಿಸಿಬಿಟ್ರೆ ತಪ್ಪು ಮುಚ್ಚಿಹೋಗುತ್ತೆ. ಹೇಳಿದ್ರೆ ಮಾನ ಹೋಗುತ್ತೆ. ಎರಡೂ ಮಾಡ್ಲಿಲ್ಲ ನಾನು," ಎನ್ನುತ್ತಾರೆ ಅಕ್ಕ. "ಹೊಲಿಗೆ ತಪ್ಪಿದ್ರೆ ಕೊಕ್ಕೆ ಇದೆ. ಆಡಿದ ಮಾತು ಯಾವುದ್ರಲ್ಲಿ ಬಿಚ್ಚೋದು?" ವರ್ಷಕ್ಕೊಮ್ಮೆ ಆ ಯಂತ್ರಕ್ಕೆ ಎಣ್ಣೆ ಬಿಡುತ್ತಾರೆ, ಸೂಜಿಯನ್ನು ಮಾತ್ರ ಮುಟ್ಟುವುದಿಲ್ಲ. ಅವರ ಎರಡು ಕಾನೂನುಗಳು ಹುಟ್ಟಿದ್ದು ಆ ಭಾನುವಾರದಿಂದ.

ಮಗಳಿಗೆ ಈಗ ಮೂವತ್ತನಾಲ್ಕು. ದಂತವೈದ್ಯರೊಬ್ಬರ ಬಳಿ ಸಹಾಯಕಿ. ವೈದ್ಯರು ತಲೆ ಎತ್ತದೆ ಅಂಗೈ ಚಾಚುತ್ತಾರೆ, ಬೇಕಾದ ಉಪಕರಣ ಅದರಲ್ಲಿ ಬಂದು ಕೂರುತ್ತದೆ. ಕೂದಲೆಳೆಯಷ್ಟು ಸಣ್ಣ ಸೂಜಿ ಹಿಡಿದರೂ ಅವಳ ಕೈ ಅಲುಗುವುದಿಲ್ಲ. ಆದರೆ ಅವಳ ಬಿಳಿ ಕೋಟಿನ ತೋಳು ಉದ್ದವಾಗಿ, ಆರು ವರ್ಷದಿಂದ ಪಿನ್ನು ಚುಚ್ಚಿಕೊಂಡೇ ಓಡಾಡುತ್ತಿದ್ದಾಳೆ. ಕೇಳಿದರೆ, "ನನ್ನ ಕೈಗೆ ಹೊಲಿಗೆ ಬರಲ್ಲ" ಎನ್ನುತ್ತಾಳೆ. ಅಕ್ಕನ ಕಿರಿಯ ನಾದಿನಿ ಮನೆಗೆ ಬಂದಾಗಲೆಲ್ಲ ಆ ಪಿನ್ನು ನೋಡಿ, "ನಿಮ್ಮಮ್ಮ ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ತಮಾಷೆ ಮಾಡುತ್ತಾರೆ. ಆ ತಮಾಷೆಗೆ ತಾಯಿ ಮಗಳು ಇಬ್ಬರೂ ನಗುವುದಿಲ್ಲ.

ಹೋದ ವಾರ ಅಕ್ಕನ ಮಣಿಕಟ್ಟು ಉಳುಕಿದೆ. ಅದಕ್ಕೇ ಚಾಲಕರ ಮನೆಗೆ ಸಾಮಾನಿನ ಚೀಲ ಹೊತ್ತು ತಂದವಳು ಮಗಳು. ಕಾನೂನು ಅವಳಿಗೂ ಒಂದೇ, ಮೆಟ್ಟಿಲ ಮೇಲೆ ಕೂತಿದ್ದಾಳೆ. ಅರೆತೆರೆದ ಬಾಗಿಲಿನಿಂದ ಯಂತ್ರದ ಗುರ್ ಸದ್ದು, ಹಾಳೆ ಹರಿದ ಸದ್ದು, ಚಾಲಕರ ನಗು ಎಲ್ಲ ಕೇಳುತ್ತದೆ. ಆ ಇಪ್ಪತ್ತು ನಿಮಿಷ ಅಮ್ಮನ ದನಿ ಮಾತ್ರ ಕೇಳುವುದಿಲ್ಲ. ವಾಪಸು ಬರುವಾಗ ಬಸ್‌ಸ್ಟಾಪಿನಲ್ಲಿ ನಿಂತು ಅವಳು ಕೇಳುವುದು ಒಂದೇ ಪ್ರಶ್ನೆ.

"ಸುಮ್ನೆ ಕೂತಿರೋಕೂ ಬರುತ್ತಾ ನಿಂಗೆ?"

ಬಸ್ಸು ಬರುತ್ತದೆ.

ಮೂರನೇ ದಿನ ನಸುಕಿನಲ್ಲಿ ಕೆಲಸಕ್ಕೆ ಹೊರಟ ಅಕ್ಕ ಚಪ್ಪಲಿ ಮೆಟ್ಟುವಾಗ ಒಳಕೋಣೆಯಿಂದ ಕಟಕಟ ಸದ್ದು. ಪರದೆಯ ಸಂದಿಯಿಂದ ನೋಡಿದರೆ, ಇಸ್ತ್ರಿಪೆಟ್ಟಿಗೆ, ಕನ್ನಡಿ, ಬಾಚಣಿಗೆ ಡಬ್ಬಿ ಎಲ್ಲ ನೆಲದ ಮೇಲೆ. ಮಗಳ ಬೆನ್ನು ಕಾಣುತ್ತಿದೆ. ಸೂಜಿಯ ಕೆಳಗೆ ಗೆರೆ ಹಾಕಿದ ಹಾಳೆ. ಅಕ್ಕ ಗಿರಾಕಿಗೆ ಫೋನ್ ಮಾಡಿ ಅರ್ಧ ಗಂಟೆ ತಡವಾಗುತ್ತದೆ ಎನ್ನುತ್ತಾರೆ. ಹದಿನೇಳು ವರ್ಷದಲ್ಲಿ ಇದೇ ಮೊದಲು. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂರುತ್ತಾರೆ.

ತಿರುಗಿ ಕೂತ ಸೂಜಿಯೂ ಕಾಗದವನ್ನು ಚೆನ್ನಾಗಿಯೇ ಚುಚ್ಚುತ್ತದೆ. ಕಷ್ಟ ಬರುವುದು ದಾರ ಪೋಣಿಸಿದಾಗ. ಇದು ಅಕ್ಕನಿಗೆ ಗೊತ್ತು, ಮಗಳಿಗೆ ಗೊತ್ತಿಲ್ಲ. ಮೊದಲ ದಿನ ದಾರವಿಲ್ಲ ಎಂಬ ಕಾನೂನೂ ಅವಳಿಗೆ ಗೊತ್ತಿಲ್ಲ. ಹಾಳೆ ಪಕ್ಕಕ್ಕಿಟ್ಟು, ಬಿಳಿ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡು, ದಾರದ ಉಂಡೆಗೆ ಕೈ ಹಾಕುತ್ತಾಳೆ. ಈಗ ದಾರ ಕಡಿದರೆ ಈ ಯಂತ್ರ ಇನ್ನು ಯಾವತ್ತೂ ತೆರೆಯುವುದಿಲ್ಲ. ಅಕ್ಕನಿಗೆ ನಾಚಿಕೆಯಾಗುತ್ತದೆ. ಆದರೂ ಎದ್ದು ಪರದೆ ಸರಿಸುತ್ತಾರೆ.

"ತಾಳು. ದಾರ ಹಾಕ್ಬೇಡ. ಸೂಜಿ ತಿರುಗಿದೆ."

"ನಾನು ಮುಟ್ಟೇ ಇಲ್ಲ," ಎನ್ನುತ್ತಾಳೆ ಮಗಳು.

"ನೀನಲ್ಲ, ನಾನು. ಅವತ್ತು ಹಾಕಿದ್ದು ನಾನೇ. ದಾರ ಕಡಿದಿದ್ದು ಅದಕ್ಕೇ. ಒಂದು ವಾರಕ್ಕೇ ಗೊತ್ತಾಯ್ತು ನಂಗೆ."

ಮಗಳ ಕೈ ದಾರದ ಉಂಡೆಯ ಮೇಲೆ ಹಾಗೇ ಇದೆ.

"ಹದಿನೆಂಟು ವರ್ಷ ನನ್ನ ಕೈನೇ ಸರಿ ಇಲ್ಲ ಅಂದ್ಕೊಂಡಿದ್ದೆ."

"ನಿನ್ನ ಕೈ ಯಾವತ್ತೂ ಸರಿಯಾಗೇ ಇತ್ತು. ತಪ್ಪಾಯ್ತು."

ಮಗಳು ತಲೆ ಎತ್ತದೆ, ವೈದ್ಯರು ಚಾಚುವಂತೆಯೇ, ಅಂಗೈ ಚಾಚುತ್ತಾಳೆ. ಅಕ್ಕ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಅದರಲ್ಲಿಡುತ್ತಾರೆ. ಸೂಜಿಯನ್ನು ಮಗಳೇ ತಿರುಗಿಸುತ್ತಾಳೆ. "ಹೊರಗಿರು," ಎನ್ನುತ್ತಾಳೆ. ಅಕ್ಕ ಹೊರಗೆ ಬಂದು ಪರದೆ ಎಳೆಯುತ್ತಾರೆ. ಒಳಗೆ ಯಂತ್ರ ನಿಧಾನವಾಗಿ ಶುರುವಾಗಿ, ಒಂದು ತೋಳಿನ ಸುತ್ತಳತೆಯಷ್ಟು ದೂರ ಎಲ್ಲೂ ನಿಲ್ಲದೆ ಹೋಗುತ್ತದೆ.

ಇದಾಗಿ ನಾಲ್ಕು ದಿನ. ಅಕ್ಕನ ಬೀರುವಿನಲ್ಲಿ ಎರಡು ಸಾವಿರಕ್ಕೂ ಮೀರಿದ ತೂತು ಕಾಗದಗಳ ಕಟ್ಟುಗಳಿವೆ, ಮಗಳದ್ದು ಅದರಲ್ಲಿಲ್ಲ.

"ಕೇಳ್ದೆ. ಕೊಡಲ್ಲ ಅಂದ್ಲು," ಎನ್ನುತ್ತಾ ಅಕ್ಕ ಮರುದಿನದ ಚೀಲಕ್ಕೆ ಸೂಜಿ ಪೊಟ್ಟಣ ಎಣಿಸಿ ಹಾಕುತ್ತಾರೆ. "ನನ್ ಜೊತೆ ಇನ್ನೂ ಸರಿಯಾಗಿ ಮಾತಾಡ್ತಿಲ್ಲ. ಆಡದಿದ್ರೆ ಬೇಡ, ಅವಳಿಗೆ ಆ ಹಕ್ಕಿದೆ. ಇಸ್ತ್ರಿಪೆಟ್ಟಿಗೆ ಇನ್ನೂ ನೆಲದ ಮೇಲೇ ಇದೆ."