ಗುಳ್ಳೆ ಮಾವ ಮತ್ತು ಇಬ್ಬರು ಮರ್ಯಾದಸ್ಥ ಖಳರು

ನನ್ನ ಮಾವನ ಕೆಲಸ ಗುಳ್ಳೆ ತುಂಬುವುದು. ಹಾಗೆಂದರೆ ಯಾರಿಗೂ ತಿಳಿಯುವುದಿಲ್ಲ. ಮಗಳ ಲಸಿಕೆಗೆ ಹೋದಾಗ ಡಾಕ್ಟರಮ್ಮ ಮನೆಯವರ ಬಗ್ಗೆ ವಿಚಾರಿಸಿದ್ದಕ್ಕೆ "ನಮ್ಮ ಮಾವಂದು ಗುಳ್ಳೆ" ಎಂದೆ, ಅವರು ಮುಲಾಮು ಬರೆದುಕೊಟ್ಟರು. ಕಾಮಿಕ್ಸ್ ಪುಸ್ತಕದಲ್ಲಿ ಚಿತ್ರದವರ ಬಾಯಿಂದ ಹೊರಡುವ ದುಂಡು ಗುಳ್ಳೆಗಳಿರುತ್ತವಲ್ಲ, ಅದರೊಳಗಿನ ಮಾತು ಮಾವನದು. ಚಿತ್ರ ಬಿಡಿಸುವವರು ಗುಳ್ಳೆ ಖಾಲಿ ಬಿಟ್ಟು ಹಾಳೆ ಕಳಿಸುತ್ತಾರೆ. ಮಾವ ಊಟದ ಮೇಜಿನ ಕಿಟಕಿ ಕಡೆಯ ತುದಿಯಲ್ಲಿ ಕೂತು, ಸಣ್ಣ ನಿಬ್ಬಿನ ಪೆನ್ನಿನಲ್ಲಿ ಮುತ್ತು ಪೋಣಿಸಿದಂತೆ ಮಾತು ತುಂಬುತ್ತಾರೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು, ಅದೊಂದೇ ಅವರ ಹಟ.

ಮಿಕ್ಕಂತೆ ಹಟವೆಂಬುದೇ ಇಲ್ಲ. ಮಾವ ಈ ಜನ್ಮದಲ್ಲಿ ಯಾರನ್ನೂ 'ನೀನು' ಎಂದವರಲ್ಲ. ಅತ್ತೆಗೂ 'ನೀವು', ನನಗೂ 'ನೀವು', ನನ್ನ ಮಗಳು ಪುಟ್ಟಿಗೆ 'ಬನ್ನಿ, ಮೂಗು ಒರೆಸ್ತೀನಿ'. ಬೆಕ್ಕು ಹಾಳೆಯ ಮೇಲೆ ಮಲಗಿದರೆ 'ಸ್ವಲ್ಪ ಆ ಕಡೆ ಸರೀತೀರಾ' ಎಂದು ಕೇಳಿ, ಅದು ಸರಿಯುವವರೆಗೆ ಕಾಯುತ್ತಾರೆ.

ಈ ಗುಣ ಮನೆಯಲ್ಲಿ ಚೆಂದ, ಪುಸ್ತಕದಲ್ಲಿ ಕಷ್ಟ. ಹಿಂದಿನ ಸಂಚಿಕೆಯಲ್ಲಿ ಬ್ಯಾಂಕು ದೋಚಲು ಬಂದ ಖಳ, 'ತೊಂದರೆ ಇಲ್ಲದಿದ್ದರೆ ಎಲ್ಲರೂ ಕೈ ಎತ್ತಿ' ಎಂದುಬಿಟ್ಟ. ಓದುಗರು ಹೊಟ್ಟೆ ಹಿಡಿದು ನಕ್ಕರು, ಪ್ರೆಸ್ಸಿನ ಯಜಮಾನರು ನಗಲಿಲ್ಲ. ಹೊಸ ಸಂಚಿಕೆಯ ಹಾಳೆ ಕೊಡುವಾಗ ಕಡ್ಡಿ ಮುರಿದಂತೆ ಹೇಳಿದರಂತೆ.

"ಇದರಲ್ಲಿ ಖಳರು ಇಬ್ಬರು. ಒಂದೇ ನಗರಕ್ಕೆ ಕಿತ್ತಾಡ್ತಾರೆ. ಓದೋರಿಗೆ ಬೆವರು ಇಳೀಬೇಕು. ಈ ಸಲವೂ ಅವರು ಬೀಗರ ಥರ ಮಾತಾಡಿದ್ರೆ, ಗುಳ್ಳೆ ಕೆಲಸ ನನ್ನ ಅಳಿಯನಿಗೆ ಕೊಟ್ಟುಬಿಡ್ತೀನಿ. ಅವನಿಗೆ ಬಯ್ಯೋದು ಚೆನ್ನಾಗಿ ಬರತ್ತೆ."

ಮಾವ ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಕೂತರು. "ಗುಳ್ಳೆ ಹೋದ್ರೆ ನಾನು ಬೆಳಿಗ್ಗೆ ಎದ್ದು ಏನು ಮಾಡ್ಲಿ, ಹೇಳಿ."

"ನನ್ನ ಹಿಂದೆ ಮುಂದೆ ಸುತ್ತಾಡ್ತೀರಿ, ಇನ್ನೇನು," ಎಂದರು ಅತ್ತೆ ಅಡುಗೆಮನೆಯಿಂದ. "ರೀ, ಹೇಗಾದ್ರೂ ಮಾಡಿ ಉಳಿಸ್ಕೊಳ್ಳಿ."

ಖಳರಲ್ಲಿ ಒಬ್ಬ ಮುದುಕ, ತುಕ್ಕಾಸುರ. ಅವನು ಮುಟ್ಟಿದ ಕಬ್ಬಿಣವೆಲ್ಲ ತುಕ್ಕು. ಇನ್ನೊಬ್ಬ ಹರೆಯದ ಅಂಟಾಸುರ. ಅವನ ಬೆರಳ ತುದಿಯಿಂದ ಗೋಂದು ಸುರಿಯುತ್ತದೆ. ನಗರ ಕಾಯಬೇಕಾದ ವೀರ ಮೊದಲ ಪುಟದಲ್ಲೇ ಗೋಡೆಗೆ ಅಂಟಿಕೊಂಡವನು ಕೊನೆಯವರೆಗೂ ನೇತಾಡುತ್ತಿರುತ್ತಾನೆ. ಅವನಿಗೆ ಗುಳ್ಳೆಯೇ ಇಲ್ಲ.

ನಾನು ಪುಟ್ಟಿಯ ಬಟ್ಟೆ ಮಡಿಸುತ್ತ ಮಾವನಿಗೆ ಬಯ್ಯುವ ಪಾಠ ಹೇಳಿಕೊಡಲು ಕೂತೆ.

"ಮಾವ, ನಾನೇ ತುಕ್ಕಾಸುರ ಅಂದ್ಕೊಳ್ಳಿ. ನನ್ನನ್ನ 'ಲೋ' ಅನ್ನಿ."

ಅವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಮುಷ್ಟಿ ಬಿಗಿದರು. "ಲೋ."

"ಹಾಂ, ಮುಂದೆ?"

"ಲೋ ತುಕ್ಕಾಸುರ... ಅವರೇ."

"'ಅವರೇ' ಬೇಡ ಮಾವ."

"ವಯಸ್ಸಾದವರಮ್ಮ. ಗಡ್ಡ ನೋಡಿ, ಪೂರ್ತಿ ಬೆಳ್ಳಗಿದೆ."

"ಸರಿ, ಮುದುಕನೇ ಆ ಹುಡುಗನಿಗೆ ಬಯ್ಯಲಿ."

"ಗುರುತು ಪರಿಚಯ ಇಲ್ಲದೋರನ್ನ ಏಕವಚನದಲ್ಲಿ ಮಾತಾಡ್ಸೋದು ಸರೀನಾ?"

ಪಾಠದ ಲಾಭವಾದದ್ದು ಪುಟ್ಟಿಗೆ. ಸಂಜೆ ಹಾಲಿನವರು ಬಂದಾಗ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು "ಲೋ" ಎಂದಳು. ನಾನು ಅವರ ಮುಖ ನೋಡಲಾರದೆ ಪಾತ್ರೆಯನ್ನೇ ನೋಡುತ್ತ ಹಾಲು ಹಾಕಿಸಿಕೊಂಡೆ.

ಹಾಳೆ ಕೊಡುವ ದಿನ ಹತ್ತಿರ ಬಂತು, ಗುಳ್ಳೆಗಳು ಖಾಲಿಯೇ ಇದ್ದವು. ಏನೋ ಯೋಚನೆಯಲ್ಲಿ ಮಾವನ ಮೊಣಕೈ ತಗುಲಿ ಮಸಿಯ ಶೀಶೆ ಉರುಳಿತು. ಪಕ್ಕದಲ್ಲೇ ಅತ್ತೆ ಒಗೆದು, ಒಣಗಿಸಿ, ಆಗತಾನೇ ಮಡಿಸಿಟ್ಟ ಬಿಳಿ ಹೊದಿಕೆಗಳಿದ್ದವು.

ಅತ್ತೆ ಬಂದರು, ನೋಡಿದರು. ದಿನನಿತ್ಯದ ತಪ್ಪಿಗಾದರೆ ಅವರದು ದೊಡ್ಡ ಗಂಟಲು. ಕೇಳಿ ಕೇಳಿ ನಮಗೆ ಅದು ಪಕ್ಕದ ಮನೆಯ ರೇಡಿಯೋ ಇದ್ದ ಹಾಗೆ. ಆ ದಿನ ದನಿ ಏರಲಿಲ್ಲ. ಒದ್ದೆ ಬಟ್ಟೆ ತಂದು ಮಾವನ ಮುಂದೆ ನಿಂತರು.

"ತಾವು ಏಳೋ ಶ್ರಮ ತಗೋಬೇಡಿ. ತಮ್ಮ ಪಾದ ಮಾತ್ರ ಸ್ವಲ್ಪ ಎತ್ತಿದ್ರೆ, ನೆಲ ಒರೆಸಿ ಧನ್ಯಳಾಗ್ತೀನಿ. ತಮ್ಮಂಥ ದೊಡ್ಡೋರು ಈ ಮನೇಲಿ ಇನ್ನೂ ಎಷ್ಟು ದಿನ ಇರ್ತೀರೋ, ನೋಡೋಣ."

ಪುಟ್ಟಿ ನನ್ನ ಹಿಂದೆ ಅವಿತುಕೊಂಡಳು. ಬೆಕ್ಕು ಯಾರೂ ಕೇಳಿಕೊಳ್ಳದೆಯೇ ಕಿಟಕಿಯಿಂದ ಹಾರಿಹೋಯಿತು. ತಪ್ಪೇ ಮಾಡದ ನಾನೂ ಒಂದು ಹೆಜ್ಜೆ ಹಿಂದೆ ಸರಿದೆ. ಮಾವ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡು ಮುದುಡಿ ಕೂತಿದ್ದರು. ಆದರೆ ನೋಡುತ್ತಿದ್ದಂತೆ ಅವರ ಮುಖ ಅರಳಿತು.

"ಇನ್ನೊಂದು ಸಲ ಹೇಳ್ತೀರಾ?"

ಅತ್ತೆ ಒಳಗೆ ಹೋದರು. ಅಡುಗೆಮನೆಯ ಬಾಗಿಲನ್ನು ಮೆಲ್ಲಗೆ, ಬಹಳ ಮೆಲ್ಲಗೆ ಮುಚ್ಚಿಕೊಂಡರು. ಮಾವ ಕಾಲು ಇಳಿಸದೆಯೇ ಬರೆಯತೊಡಗಿದರು. ನಾನು ಹೊದಿಕೆಗಳಿಗೆ ಉಪ್ಪು, ನಿಂಬೆಹಣ್ಣು ತಿಕ್ಕಿ ನೆನೆಹಾಕಿದೆ. ಒಂದರ ಮಸಿ ಹೋಗಲೇ ಇಲ್ಲ; ಅದನ್ನು ಕತ್ತರಿಸಿ ಪುಟ್ಟಿಯ ದಿಂಬಿಗೆ ಕವರು ಹೊಲಿದೆ.

ಹಾಳೆ ಕೊಡಲು ಒಬ್ಬರೇ ಹೋಗುವುದಕ್ಕೆ ಮಾವನಿಗೆ ಧೈರ್ಯವಾಗಲಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ನಾನೂ ಹೋದೆ. ಯಜಮಾನರು ಟೀ ಕುಡಿಯುತ್ತ ಓದಿದರು. ಒಂದು ಚಿತ್ರದಲ್ಲಿ ಅಂಟಾಸುರ ಮುದುಕನಿಗೆ ಕುರ್ಚಿ ಎಳೆದುಕೊಟ್ಟು ಹೇಳುತ್ತಾನೆ: "ತಾವು ಬಂದದ್ದು ನನ್ನ ಪುಣ್ಯ. ಕೂತ್ಕೊಳ್ಳಿ. ಮತ್ತೆ ಏಳೋ ತೊಂದರೆ ತಮಗೆ ಯಾವತ್ತೂ ಕೊಡಲ್ಲ." ತುಕ್ಕಾಸುರ ಕೂರದೆ ನಗುತ್ತಾನೆ: "ನಗರ ತಾವೇ ಇಟ್ಕೊಳ್ಳಿ. ಅದರ ಸೇತುವೆಯ ಒಂದೊಂದು ಮೊಳೆಯೂ ನನಗೆ ಪರಿಚಯ, ಅಷ್ಟು ಗಮನದಲ್ಲಿರಲಿ. ಹೋಗಿ ಬನ್ನಿ. ಹೋಗೋದು ತಮ್ಮ ಕೈಲಿದೆ, ಬರೋದು ಮೊಳೆ ಕೈಲಿದೆ."

ಯಜಮಾನರು ಲೋಟ ಕೆಳಗಿಟ್ಟರು. ತಾವು ಕೂತಿದ್ದ ಕುರ್ಚಿಯನ್ನು ಒಮ್ಮೆ ಮುಟ್ಟಿ ನೋಡಿ, ಎದ್ದು, ಉಳಿದದ್ದನ್ನು ನಿಂತೇ ಓದಿದರು.

"ನಮ್ಮ ಮನೇಲೂ ಒಬ್ಬರು ಹೀಗೆ ಮಾತಾಡ್ತಾರೆ," ಎಂದರು. "ಅಪರೂಪಕ್ಕೆ. ಆ ದಿನ ನಾನು ಹೊರಗೇ ಊಟ ಮಾಡ್ತೀನಿ." ಹಣೆ ಒರೆಸಿಕೊಂಡರು. "ಗುಳ್ಳೆ ನಿಮ್ಮದೇ. ಅಳಿಯ ಬೇಕಾದ್ರೆ ಢಂ, ಢಮಾರ್, ಚಟಾರ್ ಬರ್ಕೊಂಡಿರ್ಲಿ."

ಅಚ್ಚಾಗಿ ಬಂದ ಪುಸ್ತಕವನ್ನು ಮಾವ ಮೊದಲು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಕನ್ನಡಕ ಹಾಕಿಕೊಂಡು ಪುಟ ತಿರುಗಿಸುತ್ತ ಒಂದು ಗುಳ್ಳೆಯ ಹತ್ತಿರ ನಿಂತರು.

"ಇದು ನನ್ನ ಮಾತಲ್ವೇನ್ರೀ?"

"ನಿಮ್ಮದೇ. ನಿಮ್ಮಿಂದಲೇ ಕೆಲಸ ಉಳೀತು."

ಅತ್ತೆಗೆ ನಗು ಬಂತು, ನಾನು ಕಂಡೆ. ತುಟಿಯವರೆಗೂ ಬಂದು ನಿಂತಿತ್ತು. ಅದನ್ನು ಹಾಗೇ ಒಳಗೆ ಕಳಿಸಿ, ಪುಸ್ತಕ ಮುಚ್ಚಿ, ತಣ್ಣಗೆ ಹೇಳಿದರು:

"ತಾವು ಒಂದು ಮಾತು ಕೇಳಿ ತಗೋಬಹುದಿತ್ತು."

ಮಾವ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡರು. ಪಕ್ಕದ ಕುರ್ಚಿಯಲ್ಲಿ ಪುಟ್ಟಿಯೂ ಎತ್ತಿಕೊಂಡಳು.